ಬ್ಯಾಗು ಕಾಯುವವಳು ಕಡಲಿಗಿಳಿದದ್ದು

ನಮ್ಮವರು ಕಡಲಿಗೆ ಹೋದರೆ ಒಬ್ಬರು ದಡದಲ್ಲಿ ಕೂತು ಬ್ಯಾಗು ಕಾಯಲೇಬೇಕು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ. ಆದರೂ ಇದನ್ನು ಮುರಿದ ಒಂದೇ ಒಂದು ಕನ್ನಡ ಸಂಸಾರವನ್ನು ನಾನು ಮಸ್ಕತ್ತಿನಲ್ಲಾಗಲಿ ಆಸ್ಟ್ರೇಲಿಯಾದಲ್ಲಾಗಲಿ ಕಂಡಿಲ್ಲ. ಉಳಿದವರೆಲ್ಲ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಮೊಬೈಲು, ಕನ್ನಡಕ, ವಾಚು, ಕಾರಿನ ಕೀಲಿಗಳನ್ನು ಆ ಒಬ್ಬರ ಮಡಿಲಿಗೆ ಸುರಿದು ನೀರಿನ ಕಡೆ ಓಡುತ್ತಾರೆ. ಆ ಒಬ್ಬರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಾರೆ. ನಮ್ಮ ಮನೆಯಲ್ಲಿ ಆ ಒಬ್ಬರು ನಾನು.

ಈ ಹುದ್ದೆಗೆ ನನ್ನನ್ನು ಯಾರೂ ನೇಮಿಸಲಿಲ್ಲ. ಮಸ್ಕತ್ತಿನಲ್ಲಿದ್ದಾಗ ಮಗಳು ಕೈಗೂಸು. ಅವಳನ್ನು ಎತ್ತಿಕೊಂಡು ದಡದಲ್ಲಿ ಕೂತೆ. ಹೇಗೂ ಕೂತಿದ್ದಾಳಲ್ಲ ಎಂದು ಪಕ್ಕದಲ್ಲಿ ಒಂದು ಬ್ಯಾಗು ಇಟ್ಟರು. ಮಗಳು ದೊಡ್ಡವಳಾಗಿ ನೀರಿಗೆ ಓಡಿದಳು, ಬ್ಯಾಗು ಮಾತ್ರ ಅಲ್ಲೇ ಉಳಿಯಿತು. ಅದಕ್ಕೆ ಇನ್ನೂ ನಾಲ್ಕು ಬ್ಯಾಗು ಜೊತೆಯಾದವು.

ಈಗ ನಾವಿರುವುದು ಅಡಿಲೇಡಿನ ಗ್ಲೆನೆಲ್ಗ್‌ನಲ್ಲಿ. ಮನೆಯಿಂದ ಕಡಲೊಳಗೆ ಚಾಚಿದ ಜೆಟ್ಟಿಗೆ ನಡೆದೇ ಹೋಗಬಹುದು. ಇಲ್ಲಿಯವರು ಬೀಚಿಗೆ ಬರುವ ರೀತಿ ನೋಡಿದರೆ ನನಗೆ ಮೈ ಉರಿಯುತ್ತದೆ. ಒಂದು ಟವೆಲ್ಲು ಬಿಸಾಕಿ, ಕೀಲಿಯನ್ನು ಶೂ ಒಳಗೆ ತುರುಕಿ, ಹಿಂದಿರುಗಿ ಸಹ ನೋಡದೆ ನೀರಿಗೆ ಹೋಗುತ್ತಾರೆ. ಇಲ್ಲೇ ಬೆಳೆದ ಮಗಳು "ಮಮ್ಮಿ, ನೋಬಡಿ ವಾಂಟ್ಸ್ ಯುವರ್ ಬ್ಯಾಗ್" ಎನ್ನುತ್ತಾಳೆ. ಬ್ಯಾಗಿನಲ್ಲಿರುವುದು ನೀರಿನ ಬಾಟಲಿ, ಚಕ್ಕುಲಿ ಡಬ್ಬಿ, ಬಿ.ಪಿ. ಮಾತ್ರೆ, ಒಂದು ಛತ್ರಿ. ಯಾರಿಗೂ ಬೇಡ ಎನ್ನುವುದು ನಿಜವೇ. ಆದರೂ ಆ ಮಾತು ಕೇಳಿ ಬೇಜಾರಾಯಿತು, ಇಷ್ಟು ವರ್ಷ ನಾನು ಕಾದದ್ದು ಯಾರಿಗೂ ಬೇಡದ ವಸ್ತುಗಳನ್ನೇ ಎಂದು.

ನಾನು ಹುಟ್ಟಿದ್ದೂ ಕಡಲ ಬದಿಯಲ್ಲೇ, ಕುಂದಾಪುರದ ಕಡೆ. ಹಾಗೆಂದ ತಕ್ಷಣ ಜನ "ಹಾಗಾದ್ರೆ ನಿಮಗೆ ಈಜು ಚೆನ್ನಾಗಿ ಬರತ್ತೆ ಬಿಡಿ" ಎನ್ನುತ್ತಾರೆ. ನಮ್ಮ ಕಡೆ ಕಡಲು ಇರುವುದು ಮೀನು ಕೊಡುವುದಕ್ಕೆ ಮತ್ತು ಮಳೆಗಾಲದಲ್ಲಿ ಹೆದರಿಸುವುದಕ್ಕೆ. ನಮ್ಮಂಥ ಕ್ರೈಸ್ತರ ಮನೆಯಾಗಲಿ, ಮೀನು ಹಿಡಿಯುವ ಮೊಗವೀರರ ಮನೆಯಾಗಲಿ, ಹೆಣ್ಣುಮಕ್ಕಳು ಅದರಲ್ಲಿ ಕಾಲು ತೊಳೆಯಬಹುದಿತ್ತು, ಅದಕ್ಕಿಂತ ಮೇಲೆ ನೀರು ಬಂದರೆ ಅಮ್ಮ ದಡದಿಂದ ಕೂಗುತ್ತಿದ್ದಳು. ಗಂಡನಂತೂ ಮೈಸೂರಿನವರು. ಅವರದೂ ಕ್ರೈಸ್ತರ ಮನೆಯೇ, ಮನೆಮಾತು ಕನ್ನಡ. ಅವರು ಮೊದಲ ಬಾರಿ ಕಡಲು ನೋಡಿದ್ದು ನನ್ನನ್ನು ನೋಡಲು ಬಂದ ದಿನ. ಇವತ್ತಿಗೂ ಮೊಣಕಾಲಿನವರೆಗೆ ನೀರು ಬಂದರೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ.

ಹೀಗಿರುವಾಗ ನನಗೆ ಮಂಡಿನೋವು ಬಂತು. ಫಿಸಿಯೊ ಹುಡುಗಿ ನೀರಿನಲ್ಲಿ ನಡೆಯಿರಿ ಎಂದಳು. ಹತ್ತಿರದ ಈಜುಕೊಳದಲ್ಲಿ ಬೆಳಗಿನ ಹೊತ್ತು ಮಂಡಿ ಕೆಟ್ಟವರೆಲ್ಲ ಎದೆಮಟ್ಟದ ನೀರಿನಲ್ಲಿ ಆಚೆಯಿಂದ ಈಚೆಗೆ ನಡೆಯುತ್ತಾರೆ, ಏನೋ ಬೀಳಿಸಿಕೊಂಡು ಹುಡುಕುವವರ ಹಾಗೆ. ನಾನೂ ಒಂದು ತಿಂಗಳು ಹುಡುಕಿದೆ. ಪಕ್ಕದ ಸಾಲಿನಲ್ಲಿ ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡ ಹೆಂಗಸೊಬ್ಬಳು ಆರಾಮಾಗಿ ಈಜುತ್ತಿದ್ದಳು. ಅವಳನ್ನು ನೋಡಿ ನೋಡಿ ಹೊಟ್ಟೆಕಿಚ್ಚು ತಡೆಯಲಾರದೆ, ದೊಡ್ಡವರಿಗೆ ಈಜು ಕಲಿಸುವ ತರಗತಿಗೆ ಸೇರಿಕೊಂಡೆ.

ಮೊದಲ ವಾರಗಳಲ್ಲಿ ಕುಡಿದ ನೀರಿಗೆ ಲೆಕ್ಕವಿಲ್ಲ. ಆಮೇಲೆ ಒಂದು ದಿನ ಕೊಳದ ಈ ತುದಿಯಿಂದ ಆ ತುದಿಗೆ ನಿಲ್ಲದೆ ಈಜಿದೆ. ಮನೆಗೆ ಬರುವಷ್ಟರಲ್ಲಿ ಇದನ್ನು ಯಾರಿಗಾದರೂ ಹೇಳದಿದ್ದರೆ ತಲೆ ಸಿಡಿದುಹೋಗುತ್ತದೆ ಎನಿಸಿತ್ತು. ಗಂಡ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು.

"ರೀ, ನಾನು ಈಜು ಕಲ್ತ್‌ಬಿಟ್ಟೆ" ಎಂದೆ.

"ಒಳ್ಳೇದು. ಮಂಡಿಗೆ ಒಳ್ಳೇದು" ಎಂದರು.

"ಈ ಕಡೆಯಿಂದ ಆ ಕಡೆ ಪೂರ್ತಿ ಈಜಿದೆ ಕಣ್ರೀ."

"ಔಟ್ ಅಂತೆ. ಬ್ಯಾಟ್‌ಗೆ ತಾಗೇ ಇಲ್ಲ, ಔಟ್ ಅಂತೆ" ಎಂದರು.

ಅಲ್ಲಿಗೆ ಆ ವಿಷಯ ಮುಗಿಯಿತು. ಗ್ಲೆನೆಲ್ಗ್ ಕಡಲಿಗಿಳಿದು ತೋರಿಸಬಹುದಿತ್ತು. ಆದರೆ ಸಂಜೆಯಾದರೆ ಆ ಜೆಟ್ಟಿಯ ಮೇಲೆ ನಮ್ಮ ಚರ್ಚಿನವರು ಅರ್ಧ, ಕನ್ನಡ ಸಂಘದವರು ಅರ್ಧ ಓಡಾಡುತ್ತಿರುತ್ತಾರೆ. ನಾನು ಈಜುಡುಗೆಯಲ್ಲಿ ಕಂಡರೆ ಸುದ್ದಿ ನನಗಿಂತ ಮೊದಲು ದಡ ಸೇರುತ್ತದೆ. ನಮ್ಮವರು ಯಾರೂ ಇಲ್ಲದ ಒಂದು ಕಡಲು ನನಗೆ ಬೇಕಾಗಿತ್ತು.

ಅಂಥ ಕಡಲು ಪರ್ತ್‌ನ ಡಾಕ್ಟರ ದೆಸೆಯಿಂದ ಸಿಕ್ಕಿತು. ಈ ಡಾಕ್ಟರು, ಬ್ರಿಸ್ಬೇನಿನ ಒಬ್ಬ ಅಂಕಲ್, ನನ್ನ ಗಂಡ, ಮೂವರೂ ಹಿಂದೆ ಮಸ್ಕತ್ತಿನ ಒಂದೇ ಆಸ್ಪತ್ರೆಯಲ್ಲಿದ್ದವರು. ಡಾಕ್ಟರು ಅರಿವಳಿಕೆ ಕೊಡುತ್ತಿದ್ದರು, ಅಂಕಲ್ ಲೆಕ್ಕಪತ್ರ ನೋಡುತ್ತಿದ್ದರು, ನನ್ನ ಗಂಡ ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದರು. ಈಗ ಡಾಕ್ಟರು ಪರ್ತ್‌ನ ಸದರ್ನ್ ರಿವರ್‌ನಲ್ಲಿ, ಅಂಕಲ್ ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ. ಭಾನುವಾರ ಮೂವರೂ ವಿಡಿಯೊದಲ್ಲಿ ಸೇರಿ ಒಬ್ಬರ ಮಾತು ಒಬ್ಬರು ಕೇಳಿಸಿಕೊಳ್ಳದೆ ಒಂದು ಗಂಟೆ ಮಾತಾಡುತ್ತಾರೆ. ಒಂದು ಭಾನುವಾರ ಡಾಕ್ಟರು, ಸ್ಪೇನ್ ದೇಶದ ಬಾಸ್ಕ್ ಸೀಮೆಯಲ್ಲಿ ಸಾನ್ ಸೆಬಾಸ್ಟಿಯನ್ ಅಂತ ಒಂದು ಊರಿದೆ, ಅಲ್ಲಿಯಂಥ ಊಟ ಪ್ರಪಂಚದಲ್ಲಿ ಎಲ್ಲೂ ಇಲ್ಲವಂತೆ, ನಮ್ಮ ಆಪರೇಷನ್ ಥಿಯೇಟರಿನ ಸರ್ಜನ್‌ಗಳೆಲ್ಲ ಹೋಗಿ ಬಂದಿದ್ದಾರೆ, ನಾನೊಬ್ಬನೇ ಬಾಕಿ ಎಂದರು.

ಇಲ್ಲಿ ಒಂದು ಮಾತು ಹೇಳಬೇಕು. ಈ ಡಾಕ್ಟರು ಅಪ್ಪಟ ಸಸ್ಯಾಹಾರಿ. ಮೊಟ್ಟೆಯನ್ನು ಕೇಕಿನೊಳಗೆ ಅಡಗಿದ್ದರೆ ಮಾತ್ರ ಕ್ಷಮಿಸುತ್ತಾರೆ.

ನಾನು ಫೋನಿನಲ್ಲಿ ಆ ಊರಿನ ಚಿತ್ರ ನೋಡಿದೆ. ಅರ್ಧಚಂದ್ರದ ಆಕಾರದ ಕೊಲ್ಲಿ, ಬಾಯಿಗೆ ಅಡ್ಡವಾಗಿ ಒಂದು ಚಿಕ್ಕ ದ್ವೀಪ, ಒಳಗೆ ಅಲೆಯೇ ಇಲ್ಲದ ನೀರು. ದಡದಿಂದ ಸ್ವಲ್ಪ ದೂರದಲ್ಲಿ ಈಜುವವರು ಹೋಗಿ ಕೂರಲೆಂದು ಒಂದು ತೇಲುವ ಕಟ್ಟೆ, ಅದಕ್ಕೆ ಏಣಿ. ಆ ಕಟ್ಟೆಯನ್ನು ಬೆರಳಿಂದ ದೊಡ್ಡದು ಮಾಡಿ ಎಷ್ಟೋ ಹೊತ್ತು ನೋಡಿದೆ. ಅಲ್ಲಿಗೆ ಈಜಿಕೊಂಡು ಹೋಗಿ ಕೂರಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಊಟ ಅವರದು, ಕಟ್ಟೆ ನನ್ನದು. ಊರಿನಲ್ಲಿರುವ ಅಮ್ಮನಿಗೆ ಫೋನು ಮಾಡಿದರೆ, "ಸಂತ ಸೆಬಾಸ್ಟಿಯನ್ನರ ಊರಾ? ನನ್ನ ಹೆಸರಲ್ಲೂ ಒಂದು ಮೇಣದಬತ್ತಿ ಹಚ್ಚು" ಎಂದಳು. ಅವಳ ಪಾಲಿಗೆ ನಾನು ತೀರ್ಥಯಾತ್ರೆಗೆ ಹೊರಟಿದ್ದೆ.

ಹೊರಟವರು ಐದು ಜನ: ನಾವಿಬ್ಬರು, ಡಾಕ್ಟರು ಮತ್ತು ಅವರ ಹೆಂಡತಿ, ಅಂಕಲ್. ಡಾಕ್ಟರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಂಕಲ್ ಒಬ್ಬರೇ, ಅವರ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರು. ಅಕ್ಕನ ಸೂಟ್‌ಕೇಸಿನಲ್ಲಿ ಪುಟ್ಟ ರೈಸ್ ಕುಕ್ಕರು, ಅವಲಕ್ಕಿ, ಉಪ್ಪಿನಕಾಯಿ, ಚಟ್ನಿಪುಡಿ. ಪ್ರಪಂಚದ ಅತ್ಯುತ್ತಮ ಊಟದ ಊರಿಗೆ ಹೊರಟ ಸೂಟ್‌ಕೇಸು ಅದು.

ಅಂಕಲ್ಲಿನ ತಯಾರಿ ಬೇರೆ ರೀತಿಯದು. ಹೋಟೆಲು ಸೇರಿದ ಕೂಡಲೇ ಐವರ ಪಾಸ್‌ಪೋರ್ಟುಗಳನ್ನೂ ಕೇಳಿ ಪಡೆದು ಒಂದು ಬಟ್ಟೆಯ ಚೀಲಕ್ಕೆ ಹಾಕಿ, ಕತ್ತಿಗೆ ನೇತು ಹಾಕಿಕೊಳ್ಳಲು ದಾರ ಕಟ್ಟಿದರು. ಕೋಣೆಯಲ್ಲಿ ಲಾಕರ್ ಇದೆ ಎಂದು ನಾನು ತೋರಿಸಿದೆ.

"ಲಾಕರ್ ಅಂದ್ರೆ ಏನಮ್ಮ, ಇನ್ನೊಬ್ಬರ ಬೀರು" ಎಂದರು ಅಂಕಲ್. "ಪಾಸ್‌ಪೋರ್ಟ್ ಮೈ ಮೇಲಿರ್ಬೇಕು."

ಇದಕ್ಕೆ ನಾವು ಯಾರೂ ನಗಲಿಲ್ಲ. ಮಸ್ಕತ್ತಿನಲ್ಲಿ ನಮ್ಮೆಲ್ಲರ ಪಾಸ್‌ಪೋರ್ಟು ಕೆಲಸ ಕೊಟ್ಟವರ ಬೀರುವಿನಲ್ಲಿರುತ್ತಿತ್ತು. ಊರಿನಲ್ಲಿ ಯಾರಾದರೂ ತೀರಿಕೊಂಡರೂ ಮೊದಲು ಹೋಗಿ ಆ ಬೀರುವಿನ ಮುಂದೆ ನಿಲ್ಲಬೇಕಿತ್ತು. ಆ ಕಾಲ ಹೋಗಿ ಎಷ್ಟೋ ವರ್ಷವಾಗಿದೆ, ಎಲ್ಲರೂ ಆಸ್ಟ್ರೇಲಿಯಾದ ಪ್ರಜೆಗಳಾಗಿದ್ದೇವೆ, ಆದರೆ ಪಾಸ್‌ಪೋರ್ಟನ್ನು ಕಣ್ಣಿಗೆ ಕಾಣದ ಕಡೆ ಇಟ್ಟರೆ ಇವತ್ತಿಗೂ ನಮಗೆ ನಿದ್ದೆ ಬರುವುದಿಲ್ಲ. ಹಾಗಾಗಿ ಪ್ರಶ್ನೆ ಉಳಿದದ್ದು ಒಂದೇ, ಯಾರ ಮೈ ಮೇಲೆ ಎಂದು. ನಾಲ್ವರೂ ನನ್ನ ಕಡೆ ನೋಡಿದರು. ಬ್ಯಾಗು ಕಾಯುವವಳಿಗೆ ಬಡ್ತಿ ಸಿಕ್ಕಿತು.

ಊರಿನ ಹಳೆಯ ಭಾಗದ ಗಲ್ಲಿಗಳಲ್ಲಿ ಮನೆಗೊಂದರಂತೆ ಬಾರು. ಕೌಂಟರಿನ ಮೇಲೆ ತಟ್ಟೆ ತಟ್ಟೆ ತಿಂಡಿ, ಪುಟ್ಟ ರೊಟ್ಟಿಯ ತುಂಡಿನ ಮೇಲೆ ಏನಾದರೊಂದು ಹೊರಿಸಿ ಕಡ್ಡಿ ಚುಚ್ಚಿರುತ್ತಾರೆ. ಅದಕ್ಕೆ ಪಿಂಚೊ ಎನ್ನುತ್ತಾರೆ. ಜನ ನಿಂತೇ ತಿಂದು, ನಿಂತೇ ಕುಡಿದು, ಪಕ್ಕದ ಬಾರಿಗೆ ಹೋಗುತ್ತಾರೆ. ಡಾಕ್ಟರು ಬಾಗಿಲಲ್ಲೇ ನಿಂತು ಕಣ್ಣರಳಿಸಿದರು. "ಇದು ನಮ್ಮ ದರ್ಶಿನಿ ಕಣ್ರೀ" ಎಂದರು. ಭುಜ ಓರೆ ಮಾಡಿ ಗುಂಪಿನಲ್ಲಿ ನುಗ್ಗಿದರು. ಪರ್ತ್‌ನ ಕೆಫೆಗಳಲ್ಲಿ ಯಾರಾದರೂ ಬಂದು ಕೂರಿಸುವವರೆಗೆ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವ ಮನುಷ್ಯ, ಇಲ್ಲಿ ಮೊಣಕೈ ಊರಿ ಜಾಗ ಮಾಡಿಕೊಂಡು ನಮ್ಮನ್ನೂ ಕರೆದರು.

ಜಾಗವೇನೋ ಸಿಕ್ಕಿತು, ತಿನ್ನಲು ಏನೂ ಸಿಗಲಿಲ್ಲ. ಆಲಿವ್ ಕಾಯಿಗೆ ಮೀನು ಸುತ್ತಿದ್ದರು. ಆಲೂಗಡ್ಡೆಗೆ ಮೊಟ್ಟೆ. ಬದನೆಕಾಯಿಯಂತೆ ಕಂಡದ್ದು ಬದನೆಕಾಯಿ ಆಗಿರಲಿಲ್ಲ. ಕೊನೆಗೆ ಅಕ್ಕ ಒಂದು ಉಪಾಯ ಹೇಳಿದರು. "ನೀನು ಕಡಲ ಕಡೆಯವಳು. ಮೀನು ಎಲ್ಲಿ ಅಡಗಿದ್ರೂ ನಿಂಗೆ ಗೊತ್ತಾಗತ್ತೆ. ಮೊದಲು ನೀನು ತಿಂದು ಹೇಳು, ಆಮೇಲೆ ಇವರು ತಿನ್ಲಿ."

ಹೀಗೆ ನನಗೆ ಇನ್ನೊಂದು ಹುದ್ದೆ ಬಂತು. ಇದನ್ನು ಮಾತ್ರ ನಾನು ಮನಃಪೂರ್ವಕವಾಗಿ ನಿರ್ವಹಿಸಿದೆ. ಒಂದೊಂದನ್ನೂ ಕಚ್ಚಿ, ಕಣ್ಣು ಮುಚ್ಚಿ, ತಲೆಯಾಡಿಸಿ, "ಇಲ್ಲ ಡಾಕ್ಟ್ರೇ, ಇದ್ರಲ್ಲಿದೆ" ಎಂದು ಉಳಿದದ್ದನ್ನೂ ನಾನೇ ಮುಗಿಸುತ್ತಿದ್ದೆ. ಬೆಳ್ಳುಳ್ಳಿ ಹಾಕಿ ಹುರಿದ ಅಣಬೆಯ ಬಗ್ಗೆ ನನಗೆ ಸ್ವಲ್ಪ ಅನುಮಾನ ಬಂತು. ಎರಡನೆಯದನ್ನು ತಿಂದರೂ ಅನುಮಾನ ಪೂರ್ತಿ ಹೋಗಲಿಲ್ಲ. ಡಾಕ್ಟರು ನನ್ನ ಬಾಯನ್ನೇ ನೋಡುತ್ತಿದ್ದರು. ಕೊನೆಗೆ ಅವರಿಗೆ ಉಳಿದದ್ದು ಉಪ್ಪು ಉದುರಿಸಿದ ಹುರಿದ ಹಸಿಮೆಣಸಿನಕಾಯಿ ಮತ್ತು ಮೇಲೆಲ್ಲ ಕಪ್ಪಾಗುವಂತೆ ಬೇಯಿಸಿದ ಚೀಸ್‌ಕೇಕು. ಆಮೇಲೆ ಅಕ್ಕ ಬ್ಯಾಗಿನಿಂದ ಚಟ್ನಿಪುಡಿ ತೆಗೆದರು. ರೊಟ್ಟಿಯ ಮೇಲೆ ಆಲಿವ್ ಎಣ್ಣೆ, ಅದರ ಮೇಲೆ ಚಟ್ನಿಪುಡಿ. ಡಾಕ್ಟರು, ಸರ್ಜನ್‌ಗಳು ಹೇಳಿದ್ದು ನಿಜ, ಇಂಥ ಊಟ ಎಲ್ಲೂ ಸಿಗಲ್ಲ ಎಂದರು.

ಮರುದಿನ ಬೀಚು. ನಾನು ಕುರ್ತಾದ ಒಳಗೆ ನೀಲಿ ಈಜುಡುಗೆ ತೊಟ್ಟಿದ್ದೆ. ಮರಳಿನ ಮೇಲೆ ಚಾಪೆ ಹಾಸಿದ್ದೇ ತಡ, ನಾಲ್ಕು ಬ್ಯಾಗುಗಳು ತಾವಾಗಿಯೇ ಬಂದು ನನ್ನ ಸುತ್ತ ಕೂತವು. ಗಂಡಸರು ಪ್ಯಾಂಟು ಮಡಚಿದರು.

"ನಾನೂ ನೀರಿಗೆ ಇಳೀತೀನಿ ಇವತ್ತು" ಎಂದೆ.

"ಇಳಿ, ಇಳಿ. ಯಾರು ಬೇಡ ಅಂದ್ರು" ಎಂದರು ಗಂಡ. ಎರಡು ಹೆಜ್ಜೆ ಹೋಗಿ ತಿರುಗಿದರು. "ಆದ್ರೆ ಬ್ಯಾಗ್?"

ಅವರು ಕೆಟ್ಟ ಮನುಷ್ಯರಲ್ಲ. ಬ್ಯಾಗು ಇರುವಲ್ಲಿ ನಾನಿರುತ್ತೇನೆ ಎನ್ನುವುದು ಅವರಿಗೆ ಸೂರ್ಯ ಹುಟ್ಟಿದಷ್ಟು ಸಹಜವಾದ ವಿಷಯ. ಅವತ್ತು ನಾನು ಕೂತಲ್ಲಿಂದಲೇ ಆ ಕಟ್ಟೆಯನ್ನು ನೋಡಿದೆ. ಹುಡುಗರು ಅದರ ಮೇಲಿಂದ ದುಮುಕುತ್ತಿದ್ದರು. ಐವತ್ತು ದಾಟಿದ ಹೆಂಗಸು ಕಡಲ ನೀರಿಗಾಗಿ ಅಳುವುದು ನನಗೇ ನಾಚಿಕೆಯೆನಿಸಿ, ಚಕ್ಕುಲಿ ಡಬ್ಬಿ ತೆಗೆದು ಅರ್ಧ ಖಾಲಿ ಮಾಡಿದೆ.

ಅದರ ಮರುದಿನ ಮತ್ತೆ ಅದೇ ಚಾಪೆ, ಅದೇ ಬ್ಯಾಗುಗಳು, ಒಳಗೆ ಅದೇ ಈಜುಡುಗೆ. ಅವರೆಲ್ಲ ಕಾಲು ನೆನೆಸಿಕೊಂಡು ಬಂದರು. ಅಂಕಲ್ಲಿಗೆ ಐಸ್‌ಕ್ರೀಮು ಬೇಕೆನಿಸಿತು, ಡಾಕ್ಟರಿಗೂ ಬೇಕೆನಿಸಿತು, ಅದರಲ್ಲಿ ಮೀನು ಇರಲು ಸಾಧ್ಯವಿಲ್ಲವಲ್ಲ. "ನೀನು ಇಲ್ಲೇ ಕೂತಿರು, ಹತ್ತು ನಿಮಿಷದಲ್ಲಿ ಬಂದ್ಬಿಡ್ತೀವಿ, ನಿಂಗೂ ತರ್ತೀವಿ" ಎಂದು ನಾಲ್ವರೂ ಹೋದರು. ಐಸ್‌ಕ್ರೀಮನ್ನು ಆ ಬಿಸಿಲಿನಲ್ಲಿ ಹೇಗೆ ತರುತ್ತಾರೆ ಎಂದು ಕೇಳಬೇಕೆನಿಸಿತು.

ಆಗ ಬಂದಳು ಆ ಅಜ್ಜಿ. ಎಪ್ಪತ್ತರ ಮೇಲಿನ ವಯಸ್ಸು, ಬಿಸಿಲಿಗೆ ಕಂದಿದ ಮೈ, ತಲೆಗೆ ರಬ್ಬರಿನ ಟೋಪಿ. ನನ್ನ ಬ್ಯಾಗುಗಳನ್ನು ನೋಡಿದಳು, ನನ್ನನ್ನು ನೋಡಿದಳು, ತನ್ನ ಚೀಲವನ್ನೂ ತಂದು ನನ್ನ ಚಾಪೆಯ ಅಂಚಿಗೆ ಇಟ್ಟು, ಏನೋ ಹೇಳಿ ನೀರಿಗೆ ಹೋದಳು. ಅವಳ ಹಿಂದೆ ಅವಳ ಗೆಳತಿಯರು ಬಂದು ತಮ್ಮ ತಮ್ಮ ಚೀಲ ಇಟ್ಟರು. ಅವರನ್ನು ನೋಡಿ ಯಾವುದೋ ಗಂಡ ಹೆಂಡತಿ ಬಂದು ಮಗುವಿನ ಬಟ್ಟೆ, ಬಕೆಟ್ಟು ಇಟ್ಟರು. ನೋಡನೋಡುತ್ತಲೇ ನನ್ನ ಸುತ್ತ ಒಂದು ಸಂತೆಯೇ ನೆರೆಯಿತು. ನನ್ನ ಮುಖದಲ್ಲಿ ಅಂಥದ್ದೇನೋ ಬರೆದಿರಬೇಕು, ಅದು ಬಾಸ್ಕ್ ಭಾಷೆಯವರಿಗೂ ಓದಲು ಬರುತ್ತದೆ.

ಅಜ್ಜಿ ಆ ಕಟ್ಟೆಯವರೆಗೆ ಹೋಗಿ ಬಂದಳು. ಮೈ ಒರೆಸಿಕೊಳ್ಳುತ್ತ ನನ್ನ ಕತ್ತಿನ ಹತ್ತಿರ ಬೆರಳು ತೋರಿಸಿದಳು. ಕುರ್ತಾದ ಅಂಚಿನಿಂದ ಈಜುಡುಗೆಯ ನೀಲಿ ಪಟ್ಟಿ ಇಣುಕುತ್ತಿತ್ತು. ಅವಳು ಕಡಲ ಕಡೆ ಕೈ ಮಾಡಿದಳು. ನಾನು ಬ್ಯಾಗುಗಳ ಕಡೆ ಕೈ ಮಾಡಿದೆ. ಅವಳು ತನ್ನ ಎದೆ ಮುಟ್ಟಿ ತೋರಿಸಿ, ನನ್ನ ಚಾಪೆಯ ಮೇಲೆ ಕೂತು ಕಾಲು ಚಾಚಿಬಿಟ್ಟಳು.

"ಅಜ್ಜಿ, ಇದ್ರಲ್ಲಿ ಐದು ಪಾಸ್‌ಪೋರ್ಟ್ ಇದೆ" ಎಂದೆ ಕನ್ನಡದಲ್ಲಿ. ಅವಳು ತನ್ನ ಭಾಷೆಯಲ್ಲಿ ಏನೋ ಅಂದಳು. ಕೈ ಬೀಸಿದ ರೀತಿ ನೋಡಿದರೆ, ಹೋಗೇ, ಸಾಕು ಎಂದಂತಿತ್ತು.

ಚೀಲದ ದಾರವನ್ನು ಕತ್ತಿನಿಂದ ತೆಗೆಯುವಾಗ ಕೈ ಹಿಂದೆಗೆಯಿತು. ಅಂಕಲ್ಲಿನ ಮುಖ ಕಣ್ಣ ಮುಂದೆ ಬಂತು. ಆ ಬೀರು ಸಹ ಬಂತು. ಆಮೇಲೆ ಹತ್ತು ನಿಮಿಷ ಎಂದವರು ಹೇಗೂ ಅರ್ಧ ಗಂಟೆ ಬರುವುದಿಲ್ಲ ಎನ್ನುವುದು ನೆನಪಾಯಿತು. ಹೆಸರೂ ಗೊತ್ತಿಲ್ಲದ ಆ ಹೆಂಗಸಿನ ಕತ್ತಿಗೆ ಐದು ಪಾಸ್‌ಪೋರ್ಟುಗಳನ್ನು ಹಾಕಿ, ಕುರ್ತಾ ಕಳಚಿ ಮಡಚಿಟ್ಟು, ಯಾರನ್ನೂ ನೋಡದೆ ನಡೆದೆ.

ನೀರು ತಣ್ಣಗಿತ್ತು. ಉಸಿರು ಹಿಡಿದುಕೊಂಡಿತು. ಕೊಳದಲ್ಲಿ ಕೆಳಗೆ ನೀಲಿ ಹೆಂಚು ಕಾಣುತ್ತದೆ, ಭರವಸೆ ಇರುತ್ತದೆ. ಇಲ್ಲಿ ಕೆಳಗೆ ಹಸಿರು, ಅದರ ಕೆಳಗೆ ಏನೋ ಗೊತ್ತಿಲ್ಲ. ಅಮ್ಮ ದಡದಿಂದ ಕೂಗುತ್ತಿರುವಂತೆ ಕೇಳಿಸಿತು. ಅಮ್ಮ, ಮೇಣದಬತ್ತಿ ಆಮೇಲೆ ಹಚ್ಚುತ್ತೇನೆ ಎಂದುಕೊಂಡು ಕೈ ಬೀಸಿದೆ. ನಡುವೆ ಒಂದು ಸಲ ಉಪ್ಪುನೀರು ಮೂಗಿಗೆ ಹೋಯಿತು. ಬೆನ್ನ ಮೇಲೆ ಮಲಗಿ ಸುಧಾರಿಸಿಕೊಂಡೆ. ಆಮೇಲೆ ಏಣಿ ಕೈಗೆ ಸಿಕ್ಕಿತು.

ಕಟ್ಟೆಯ ಮೇಲೆ ಕೂತೆ. ಪಕ್ಕದಲ್ಲಿ ಒಂದೂ ಬ್ಯಾಗು ಇರಲಿಲ್ಲ. ಕೈ ಎಲ್ಲಿಡಬೇಕೆಂದು ತೋಚದೆ ತೊಡೆಯ ಮೇಲಿಟ್ಟುಕೊಂಡೆ. ಎದುರಿಗೆ ಇಡೀ ಊರು ನೀರಿನಂಚಿನಲ್ಲಿ ಬಿಸಿಲು ಕಾಯುತ್ತಿತ್ತು. ನನಗೆ ಖುಷಿಯಾಯಿತು. ಮಗಳು ಹುಟ್ಟಿದಾಗಲೂ ಆಗಿತ್ತು, ಆದರೆ ಆಗ ಎಲ್ಲರೂ ಪಾಲು ಕೇಳಿದ್ದರು. ಇದು ಪೂರ್ತಿ ನನ್ನದಾಗಿತ್ತು. ಅದಕ್ಕೇ ಹೊತ್ತು ಹೋದದ್ದೂ ತಿಳಿಯಲಿಲ್ಲ.

ಆ ಕೊಲ್ಲಿಯಲ್ಲಿ ಭರತ ಬಂದು ನೀರೇರಿದರೆ ಮರಳು ಕರಗಿಹೋಗುತ್ತದೆ. ಕಡಲ ಬದಿಯಲ್ಲಿ ಹುಟ್ಟಿದ ನನಗೆ ಇದು ಹೊಳೆಯಬೇಕಿತ್ತು. ನಾನು ಕೂತಿದ್ದ ಜಾಗಕ್ಕೆ ನೀರು ಬಂದಿತ್ತು. ಅಜ್ಜಿ ಮತ್ತು ಗೆಳತಿಯರು ಎಲ್ಲ ಬ್ಯಾಗುಗಳನ್ನೂ ಹೊತ್ತು ಹಿಂದಿನ ಗೋಡೆಯ ಬುಡಕ್ಕೆ ಸಾಗಿಸಿದ್ದರು. ಆಗ ನಮ್ಮವರು ಬಂದರು. ಅವರಿಗೆ ಕಂಡದ್ದು ಇಷ್ಟು: ನನ್ನನ್ನು ಬಿಟ್ಟು ಹೋದ ಜಾಗದಲ್ಲಿ ಕಡಲು, ಗೋಡೆಯ ಬುಡದಲ್ಲಿ ನನ್ನ ಚಪ್ಪಲಿ ಮತ್ತು ಮಡಚಿಟ್ಟ ಕುರ್ತಾ, ಪಾಸ್‌ಪೋರ್ಟಿನ ಚೀಲ ಯಾರೋ ಅಪರಿಚಿತ ಮುದುಕಿಯ ಕತ್ತಿನಲ್ಲಿ. ಗಂಡ ನನ್ನ ಕುರ್ತಾ ಕೈಗೆತ್ತಿಕೊಂಡು ಹೆಂಡತಿ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದರಂತೆ. ಅಜ್ಜಿ ಜವಾಬ್ದಾರಿಯಿಂದ ಚೀಲವನ್ನು ತೆಗೆದು ಅವರ ಕತ್ತಿಗೆ ಹಾಕಿ, ಕಡಲ ಕಡೆ ಬೆರಳು ತೋರಿಸಿದಳಂತೆ.

ಇದೆಲ್ಲ ಆಮೇಲೆ ಅಕ್ಕ ಹೇಳಿದ್ದು. ಕಟ್ಟೆಯ ಮೇಲಿಂದ ನನಗೆ ಕಂಡದ್ದು, ಪ್ಯಾಂಟು, ಶೂ, ಇಸ್ತ್ರಿ ಮಾಡಿದ ಅಂಗಿ ಸಮೇತ ಒಬ್ಬ ಗಂಡಸು ನೇರ ಕಡಲೊಳಗೆ ನಡೆದು ಬರುತ್ತಿರುವುದು. ಜೀವರಕ್ಷಕ ಹುಡುಗ ಸೀಟಿ ಊದುತ್ತಿದ್ದ. ಯಾವನೋ ತಲೆ ಕೆಟ್ಟವನು ಎಂದುಕೊಂಡೆ. ನೀರು ಮೊಣಕಾಲು ದಾಟಿತು, ಸೊಂಟ ದಾಟಿತು. ಆತ ಶಿಲುಬೆಯ ಗುರುತು ಮಾಡಲಿಲ್ಲ. ಆಮೇಲೆ ಅಂಗಿಯ ಗುರುತು ಸಿಕ್ಕಿತು, ಅದನ್ನು ನಾನೇ ಬೆಳಗ್ಗೆ ಇಸ್ತ್ರಿ ಮಾಡಿದ್ದೆ.

ಹೋಗುವಾಗ ಹೇಗೆ ಈಜಿದೆನೆಂದು ನೆನಪಿದೆ, ಬರುವಾಗ ಹೇಗೆ ಬಂದೆನೋ ನೆನಪಿಲ್ಲ. ಅವರ ಎದೆಮಟ್ಟಕ್ಕೆ ನೀರು ಬಂದಲ್ಲಿ ಅವರ ಮುಂದೆ ಎದ್ದು ನಿಂತೆ.

"ಏನ್ರೀ ಇದು?"

ಅವರು ನನ್ನ ಎರಡೂ ತೋಳು ಹಿಡಿದರು.

"ನೀನು ಮುಳುಗ್ಹೋದೆ ಅಂದ್ಕೊಂಡೆ" ಎಂದರು.

"ಈಜು ಕಲ್ತಿದೀನಿ ಅಂತ ಹೇಳಿದ್ನಲ್ಲ."

"ಯಾವಾಗ?"

"ಮ್ಯಾಚ್ ನೋಡ್ತಿದ್ರಿ. 'ಔಟ್ ಅಂತೆ' ಅಂದ್ರಿ."

"ಅದು ನಾಟ್ ಔಟ್ ಕಣೆ" ಎಂದರು. ಹಾಗೆಂದು ಅಳಲು ಶುರು ಮಾಡಿದರು. ನನಗೂ ಅಳು ಬಂತು, ಅಷ್ಟರಲ್ಲಿ ನಗು ಬಂತು, ಎರಡೂ ಒಟ್ಟಿಗೆ ಬಂದು ಮತ್ತೆ ಮೂಗಿಗೆ ನೀರು ಹೋಯಿತು. "ಈಜು ಬರದೆ ಇಲ್ಲಿವರೆಗೆ ಯಾಕೆ ಬಂದ್ರಿ" ಎಂದು ಬೈದೆ.

ನಮ್ಮಿಬ್ಬರ ನಡುವೆ ಏನೋ ತೇಲುತ್ತಿತ್ತು. ದಡದಿಂದ ಅಂಕಲ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡು "ಪಾಸ್‌ಪೋರ್ಟ್, ಪಾಸ್‌ಪೋರ್ಟ್" ಎಂದು ಕೂಗುತ್ತಿದ್ದರು. ಇನ್ನೊಬ್ಬರ ಬೀರುವಿನಿಂದ ಇಷ್ಟು ವರ್ಷ ಕಾಪಾಡಿದ್ದ ಪಾಸ್‌ಪೋರ್ಟುಗಳು ನನ್ನ ಗಂಡನ ಕತ್ತಿನಲ್ಲಿ ಉಪ್ಪುನೀರು ಕುಡಿಯುತ್ತಿದ್ದವು.

ಅಜ್ಜಿಯೇ ನಮ್ಮೆಲ್ಲರನ್ನೂ ತಾನು ದಿನಾ ಹೋಗುವ ಬಾರಿಗೆ ಎಳೆದುಕೊಂಡು ಹೋದಳು. ಪಾಸ್‌ಪೋರ್ಟುಗಳನ್ನು ಒಂದೊಂದಾಗಿ ಬಿಡಿಸಿ ಕೌಂಟರಿನ ಮೇಲೆ, ತಿಂಡಿ ತಟ್ಟೆಗಳ ನಡುವೆ, ಒಣಗಲು ಹರಡಿದೆವು. ನನಗೆ ಎಂಥ ಹಸಿವೆಂದರೆ, ಒದ್ದೆ ಕೂದಲಲ್ಲೇ ನಿಂತು ಸುಟ್ಟ ಬೂತಾಯಿ ಮೀನು ತರಿಸಿಕೊಂಡು ಕೈಯಲ್ಲೇ ಮುಳ್ಳು ಬಿಡಿಸಿ ತಿಂದೆ. ಡಾಕ್ಟರು ಒಂದು ಪಿಂಚೊ ತೋರಿಸಿ "ಇದ್ರಲ್ಲಿ ಇದ್ಯಾ ನೋಡಿ" ಎಂದರು. "ಇದ್ರೂ ಇರ್ಬೋದು, ಇಲ್ದೇನೂ ಇರ್ಬೋದು ಡಾಕ್ಟ್ರೇ, ನಂಗೊತ್ತಿಲ್ಲ" ಎಂದೆ. ಅವರು ಬೆಚ್ಚಿ ಹಿಂದೆ ಸರಿಯುವಾಗ ಮೊಣಕೈ ತಾಗಿ, ಎಣ್ಣೆಯಲ್ಲಿ ನೆನೆಸಿದ ಮೀನಿನ ತಟ್ಟೆ ಅವರದೇ ಪಾಸ್‌ಪೋರ್ಟಿನ ಮೇಲೆ ಮಗುಚಿತು. ಅಕ್ಕ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಉಳಿದ ದಿನಗಳಲ್ಲಿ ನಾನು ದಿನಾ ಈಜಿದೆ. ಅಮ್ಮನ ಮೇಣದಬತ್ತಿಯನ್ನೂ ಹಚ್ಚಿದೆ. ಅಕ್ಕ ಸಲ್ವಾರ್ ಸಮೇತ ಸೊಂಟದವರೆಗೆ ನೀರಿಗೆ ಬಂದು ನನ್ನ ಕೈ ಹಿಡಿದು ನಿಂತರು. ದಡದಲ್ಲಿ ಗಂಡ ಬ್ಯಾಗುಗಳ ನಡುವೆ ಕೂತಿರುತ್ತಿದ್ದರು, ಪಕ್ಕದಲ್ಲಿ ಅಜ್ಜಿಯ ಚೀಲ. ಅವರು ಒಂದು ಕ್ಷಣವೂ ಬ್ಯಾಗುಗಳ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆಯೇ ನೋಡುತ್ತಿದ್ದರು. ಬ್ಯಾಗು ಕಾಯುವ ಕೆಲಸಕ್ಕೆ ಅವರು ಲಾಯಕ್ಕಲ್ಲ.

ಹೋಟೆಲಿನಲ್ಲಿ ಹೇರ್‌ಡ್ರೈಯರ್ ಹಿಡಿದು ಒಣಗಿಸಿದ ಪಾಸ್‌ಪೋರ್ಟುಗಳು ಹಪ್ಪಳದ ಹಾಗೆ ಉಬ್ಬಿದ್ದವು. ಫೋಟೊ ಇರುವ ಹಾಳೆ ಗಟ್ಟಿಯಾದದ್ದರಿಂದ ಹೇಗೋ ವಿಮಾನ ಬದಲಿಸುವ ನಿಲ್ದಾಣದವರೆಗೆ ಬಂದೆವು. ಅಲ್ಲಿಂದ ಮೂರು ದಾರಿ. ಪರ್ತ್‌ನಲ್ಲಿ ಸಾಮಾನು ಮೂಸುವ ನಾಯಿ ಬಂದು ಡಾಕ್ಟರ ಮುಂದೆ ಕೂತು ಏಳಲೇ ಇಲ್ಲವಂತೆ. ಮೀನು, ಮಾಂಸ ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ ಅವರು ತಮ್ಮ ವಂಶದ ಸಸ್ಯಾಹಾರದ ಬಗ್ಗೆ ಹೇಳುತ್ತಲೇ ಪಾಸ್‌ಪೋರ್ಟು ಮುಂದೆ ಚಾಚಿದರಂತೆ, ನಾಯಿ ಬಾಲ ಅಲ್ಲಾಡಿಸಿತಂತೆ. ಬ್ರಿಸ್ಬೇನಿನಲ್ಲಿ ಅಂಕಲ್, ಹೋಟೆಲಿನ ಲಾಕರುಗಳನ್ನು ಏಕೆ ನಂಬಬಾರದು ಎಂದು ಅಧಿಕಾರಿಗೆ ವಿವರಿಸಲು ಹೋಗಿ, ಹಿಂದಿನ ಸಾಲನ್ನೆಲ್ಲ ಬೇರೆ ಕಡೆ ಕಳಿಸಬೇಕಾಯಿತಂತೆ.

ಅಡಿಲೇಡಿನಲ್ಲಿ ಯಂತ್ರ ನಮ್ಮ ಪಾಸ್‌ಪೋರ್ಟುಗಳನ್ನು ಮೂರು ಸಲ ಉಗುಳಿತು. ಅಧಿಕಾರಿಯ ಹತ್ತಿರ ಕಳಿಸಿದರು. ಎಳೆಯ ಹುಡುಗಿ, ಉಬ್ಬಿದ ಪುಟಗಳನ್ನು ಬೆರಳ ತುದಿಯಿಂದ ತಿರುವಿ ಹಾಕುತ್ತ ಇದಕ್ಕೇನಾಯಿತು ಎಂದು ಕೇಳಿದಳು. ಉತ್ತರ ಕೊಡಲು ನಾನು ಬಾಯಿ ತೆರೆದೆ. ಗಂಡ ನನಗಿಂತ ಮೊದಲು ಮುಂದೆ ಬಂದು ನಿಂತರು.

"ಮೈ ವೈಫ್ ಸ್ವಿಮ್ಸ್" ಎಂದರು. ಹೇಳುವಾಗ ನನ್ನ ಬ್ಯಾಗು ಅವರ ಹೆಗಲ ಮೇಲಿತ್ತು.